ಲಾಸ್ ವೇಗಸ್‌ಗೆ ಯಾವಾಗ ಹೋಗಬೇಕು? ತಿಂಗಳಲ್ಲ, ವಾರ ಹುಡುಕಿ

ಅಮೆರಿಕಕ್ಕೆ ಬಂದ ಅಪ್ಪ-ಅಮ್ಮನಿಗೆ ತೋರಿಸಬೇಕಾದ ಊರುಗಳ ಪಟ್ಟಿಯಲ್ಲಿ ಲಾಸ್ ವೇಗಸ್ ಇದ್ದೇ ಇರುತ್ತದೆ. ಲಾಸ್ ಏಂಜಲಿಸ್ ಕಡೆ ಇರುವ ಕನ್ನಡಿಗರಿಗಂತೂ ಅದು ಕಾರಿನಲ್ಲೇ ಮುಗಿಯುವ ಪ್ರಯಾಣ. ಸುಮಾರು 270 ಮೈಲಿ, ರಸ್ತೆ ಖಾಲಿ ಇದ್ದರೆ ನಾಲ್ಕು ಗಂಟೆ. ಆದರೆ ಊರಿಂದ ಬರುವವರು ಹೆಚ್ಚಾಗಿ ಬರುವುದು ಏಪ್ರಿಲ್‌ನಿಂದ ಆಗಸ್ಟ್ ಒಳಗೆ. ಇಲ್ಲಿ ಚಳಿಯ ಕಾಟವಿಲ್ಲ, ಮೊಮ್ಮಕ್ಕಳಿಗೂ ಬೇಸಿಗೆ ರಜೆ ಸಿಗುತ್ತದೆ. ವೇಗಸ್ ಕಾದ ಹೆಂಚಾಗಿರುವುದೂ ಆಗಲೇ.

ಯಾವಾಗ ಹೋದರೆ ಒಳ್ಳೆಯದು ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ಮಾರ್ಚ್‌ನಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ತಪ್ಪೇನಿಲ್ಲ, ಆದರೆ ಅದು ಬರೀ ಹವಾಮಾನದ ಉತ್ತರ. ಅದೇ ನವೆಂಬರ್‌ನ ಒಂದು ವಾರ ರೂಮು ಸಲೀಸಾಗಿ ಸಿಗುತ್ತದೆ, ಇನ್ನೊಂದು ವಾರ ಅದೇ ರೂಮಿಗೆ ಎಷ್ಟೋ ಪಟ್ಟು ಹೆಚ್ಚು ಕೇಳುತ್ತಾರೆ. ಒಂದೂವರೆ ಲಕ್ಷದಷ್ಟು ಹೋಟೆಲ್ ರೂಮುಗಳಿರುವ ಊರು ಇದು. ಅವುಗಳನ್ನು ತುಂಬಿಸಲು ವರ್ಷವಿಡೀ ಸಮಾವೇಶ, ಕ್ರೀಡೆ, ಸಂಗೀತೋತ್ಸವ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಹಾಗಾಗಿ ಒಂದು ಕಾಗದದ ಕ್ಯಾಲೆಂಡರ್, ಒಂದು ಕೆಂಪು ಪೆನ್ನು ತೆಗೆದುಕೊಳ್ಳಿ. ಒಳ್ಳೆಯ ವಾರ ಯಾವುದು ಅಂತ ಹುಡುಕಲು ಹೋಗಬೇಡಿ. ಬೇಡದ ವಾರಗಳಿಗೆ ಕಾಟು ಹಾಕುತ್ತಾ ಬನ್ನಿ, ಉಳಿದದ್ದು ನಿಮ್ಮದು.

ಹೆಜ್ಜೆ 1: ಯಾರು ಹೋಗುತ್ತಿದ್ದೀರಿ, ಏನು ನೋಡಬೇಕು

ಇದನ್ನು ಬರೆದುಕೊಳ್ಳದೆ ತಾರೀಖು ನೋಡಬೇಡಿ. ಸ್ನೇಹಿತರ ಗುಂಪು ಈಜುಕೊಳದ ಪಾರ್ಟಿಗೆ ಹೋಗುತ್ತಿದ್ದರೆ ಡಿಸೆಂಬರ್ ಸುಮ್ನೆ ದಂಡ. ಚಳಿಗಾಲದಲ್ಲಿ ಬಹಳಷ್ಟು ಹೋಟೆಲ್‌ಗಳು ಕೊಳ ಮುಚ್ಚುತ್ತವೆ, ಅಥವಾ ಬಿಸಿನೀರಿನ ಒಂದೇ ಒಂದು ಕೊಳ ತೆರೆದಿಡುತ್ತವೆ. ಆ ಪಾರ್ಟಿಗಳ ಕಾಲ ಹೆಚ್ಚುಕಡಿಮೆ ಮಾರ್ಚ್‌ನಿಂದ ಅಕ್ಟೋಬರ್.

ಅಪ್ಪ-ಅಮ್ಮನ ಜೊತೆ ಹೋಗುತ್ತಿದ್ದರೆ ಲೆಕ್ಕ ಪೂರ್ತಿ ಬೇರೆ. ಅವರಿಗೆ ಬೇಕಾದ್ದು ನಡೆಯಲು ಆಗುವಂಥ ಸಂಜೆ. ಸ್ಟ್ರಿಪ್ ಅನ್ನುವ ಆ ಮುಖ್ಯ ಬೀದಿ ನಾಲ್ಕು ಮೈಲಿಗೂ ಉದ್ದ. ಪಕ್ಕದ ಹೋಟೆಲ್ ಇಲ್ಲೇ ಇದೆಯಲ್ಲ ಅನಿಸುತ್ತದೆ. ಸೇತುವೆ ಹತ್ತಿ, ಇಳಿದು, ಕ್ಯಾಸಿನೊ ಸುತ್ತು ಹೊಡೆದು ಅಲ್ಲಿ ತಲುಪುವಾಗ ಇಪ್ಪತ್ತು ನಿಮಿಷ ಕಳೆದಿರುತ್ತದೆ. 14 ಡಿಗ್ರಿಯಲ್ಲಿ ಅದು ವಾಕಿಂಗ್, 40 ಡಿಗ್ರಿಯಲ್ಲಿ ಶಿಕ್ಷೆ.

ಮಕ್ಕಳಿದ್ದರೆ ಒಂದು ವಿಷಯ ಗೊತ್ತಿರಲಿ. ಜೂಜು, ಮದ್ಯ ಎರಡಕ್ಕೂ 21 ವರ್ಷ ಆಗಿರಬೇಕು. ಚಿಕ್ಕವರು ಕ್ಯಾಸಿನೊ ಒಳಗಿನ ದಾರಿಯಲ್ಲಿ ನಡೆದು ಹೋಗಬಹುದು, ಯಂತ್ರದ ಪಕ್ಕ ನಿಲ್ಲುವ ಹಾಗಿಲ್ಲ. ಇದು ಎಲ್ಲ ಕಾಲಕ್ಕೂ ಒಂದೇ. ಆದರೆ ಕೊಳಕ್ಕೆ ಇಳಿಯಲಾಗದ ಚಳಿಗಾಲದಲ್ಲಿ ಮಕ್ಕಳನ್ನು ಇಡೀ ದಿನ ಎಲ್ಲಿ ಆಡಿಸುವುದು ಅನ್ನುವುದು ನಿಜವಾದ ಪ್ರಶ್ನೆ ಆಗುತ್ತದೆ.

ಹೆಜ್ಜೆ 2: ಬಿಸಿಲಿನ ಲೆಕ್ಕ

ವೇಗಸ್ ಇರುವುದು ಮೊಹಾವಿ ಮರುಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಎತ್ತರದಲ್ಲಿ. ವರ್ಷಕ್ಕೆ ಬೀಳುವ ಮಳೆ ನಾಲ್ಕು ಇಂಚಿನ ಆಸುಪಾಸು. ಜುಲೈನಲ್ಲಿ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ 40 ಡಿಗ್ರಿ. ಜೂನ್, ಆಗಸ್ಟ್ ಅದಕ್ಕಿಂತ ಸ್ವಲ್ಪ ಕಡಿಮೆ ಅಷ್ಟೆ. 2024ರ ಜುಲೈ 7ರಂದು 48.9 ಡಿಗ್ರಿ ಮುಟ್ಟಿ ಊರಿನ ದಾಖಲೆಯೇ ಮುರಿಯಿತು.

ಕಲಬುರಗಿ, ರಾಯಚೂರು ಕಡೆಯವರು 40 ಡಿಗ್ರಿಗೆ ನಗಬಹುದು. ಆದರೆ ಅಲ್ಲಿ ಮಧ್ಯಾಹ್ನ ಯಾರೂ ಕಾಂಕ್ರೀಟಿನ ಬೀದಿಯಲ್ಲಿ ಮೈಲಿಗಟ್ಟಲೆ ನಡೆಯುವುದಿಲ್ಲ, ಅಲ್ವಾ? ಇಲ್ಲಿ ರಾತ್ರಿ ಹತ್ತಾದರೂ ಗೋಡೆ, ನೆಲ ಬಿಸಿ ಉಗುಳುತ್ತಿರುತ್ತವೆ. ಗಾಳಿ ಎಷ್ಟು ಒಣ ಅಂದರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಹಾಗಾಗಿ ನೀರು ಕುಡಿಯಬೇಕು ಅಂತಲೂ ಅನಿಸುವುದಿಲ್ಲ. ವಯಸ್ಸಾದವರಿಗೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇರುವುದು ಇಲ್ಲೇ. ಕಾದ ನೆಲದ ಮೇಲೆ ಬಿದ್ದು ಸುಟ್ಟಗಾಯವಾಗಿ ಆಸ್ಪತ್ರೆ ಸೇರುವವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ. ಇಷ್ಟರ ಮೇಲೆ ಕ್ಯಾಸಿನೊ ಒಳಗೆ ಎಸಿ ಗಡಗಡ ನಡುಗಿಸುತ್ತದೆ. ಜುಲೈನಲ್ಲೂ ಅಮ್ಮನ ಬ್ಯಾಗಿನಲ್ಲಿ ಶಾಲು ಇರಲಿ.

ಬಿಸಿಲನ್ನೇ ನೋಡುತ್ತಾ ಮರೆತುಬಿಡುವ ಇನ್ನೆರಡು ಸಂಗತಿಗಳಿವೆ. ಒಂದು, ವಸಂತದ ಗಾಳಿ. ಮಾರ್ಚ್‌ನಿಂದ ಮೇ ತನಕ ಕೆಲವು ದಿನ ಧೂಳೆಬ್ಬಿಸುವಷ್ಟು ಬೀಸುತ್ತದೆ. ಗಾಳಿ ಜೋರಾದರೆ ಬೆಲಾಜಿಯೊ ಹೋಟೆಲಿನ ಕಾರಂಜಿ ನಿಲ್ಲಿಸುತ್ತಾರೆ, ಗ್ರ್ಯಾಂಡ್ ಕ್ಯಾನ್ಯನ್‌ಗೆ ಹಾರುವ ಹೆಲಿಕಾಪ್ಟರ್‌ಗಳೂ ನಿಲ್ಲುತ್ತವೆ. ಒಂದೇ ರಾತ್ರಿ ಉಳಿಯುವವರಿಗೆ ಇದು ದೊಡ್ಡ ನಷ್ಟ, ಆದ್ದರಿಂದ ವಸಂತದಲ್ಲಿ ಹೋದರೆ ಎರಡು ರಾತ್ರಿಯಾದರೂ ಇಟ್ಟುಕೊಳ್ಳಿ. ಇನ್ನೊಂದು, ಜುಲೈನಿಂದ ಸೆಪ್ಟೆಂಬರ್ ತನಕದ ಗುಡುಗು ಮಳೆ. ಅಲ್ಲಿಯವರೂ ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಅರ್ಧ ಗಂಟೆ ಸುರಿದರೂ ಗಟ್ಟಿ ನೆಲ ನೀರು ಹೀರುವುದಿಲ್ಲ, ರಸ್ತೆಯೇ ಹಳ್ಳವಾಗುತ್ತದೆ. ಮುನ್ಸೂಚನೆ ಇದ್ದ ದಿನ ಕಣಿವೆಗಳ ಕಡೆ ಹೋಗಲೇಬೇಡಿ.

ಚಳಿಗಾಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಹಗಲು 14–15 ಡಿಗ್ರಿ, ರಾತ್ರಿ 4 ಡಿಗ್ರಿ. ಒಳ್ಳೆಯ ಜಾಕೆಟ್, ಕಿವಿಗೆ ಟೋಪಿ ಇದ್ದರೆ ಸಾಕು. ಅಕ್ಟೋಬರ್ ಮತ್ತು ಏಪ್ರಿಲ್‌ನಲ್ಲಿ ಹಗಲು 26–27 ಡಿಗ್ರಿ, ಬೆಂಗಳೂರಿನವರಿಗೆ ಹೇಳಿ ಮಾಡಿಸಿದ ಹಾಗೆ.

ಈಗ ಮೊದಲ ಕಾಟು ಹಾಕಿ. ಹಿರಿಯರಿದ್ದರೆ ಜೂನ್ ಶುರುವಿನಿಂದ ಸೆಪ್ಟೆಂಬರ್ ಮಧ್ಯದ ತನಕ ಪೂರ್ತಿ ಕೆಂಪು.

ಹೆಜ್ಜೆ 3: ಊರು ತುಂಬುವ ವಾರಗಳು

ಇದಕ್ಕೆ ಸಮಯ ಕೊಡಿ, ದುಡ್ಡು ಉಳಿಯುವುದು ಇಲ್ಲೇ. ವೇಗಸ್‌ನ ಪ್ರವಾಸೋದ್ಯಮ ಪ್ರಾಧಿಕಾರ ಮುಂದಿನ ಸಮಾವೇಶಗಳ ಕ್ಯಾಲೆಂಡರನ್ನು ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸುತ್ತದೆ. ಅದನ್ನು ತೆರೆದು, ಎಷ್ಟು ಜನ ಸೇರುತ್ತಾರೆ ಅನ್ನುವ ಅಂಕಣ ನೋಡಿ. ಹತ್ತಾರು ಸಾವಿರ ದಾಟಿದ ಸಮಾವೇಶ ಇದ್ದ ವಾರಕ್ಕೆಲ್ಲ ಕಾಟು.

ಪ್ರತಿ ವರ್ಷ ಬರುವ ದೊಡ್ಡವು ಇವು. ಜನವರಿ ಮೊದಲ ಭಾಗದಲ್ಲಿ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳ. ಬೆಂಗಳೂರಿನ ಎಷ್ಟೋ ಕಂಪನಿಗಳಿಂದಲೂ ಜನ ಹೋಗುತ್ತಾರೆ, ಒಟ್ಟು ಲಕ್ಷ ದಾಟುತ್ತದೆ. ಏಪ್ರಿಲ್‌ನಲ್ಲಿ ಟಿವಿ-ರೇಡಿಯೊ ಪ್ರಸಾರದವರ ಎನ್‌ಎಬಿ. ಮೇ ಮಧ್ಯದಲ್ಲಿ ಇಡಿಸಿ ಅನ್ನುವ ರಾತ್ರಿಯಿಡೀ ನಡೆಯುವ ಸಂಗೀತೋತ್ಸವ. ನವೆಂಬರ್ ಮೊದಲ ವಾರ ಸೆಮಾ ಕಾರು ಮೇಳ. ಡಿಸೆಂಬರ್ ಶುರುವಿನಲ್ಲಿ ಹತ್ತು ದಿನ ನ್ಯಾಷನಲ್ ಫೈನಲ್ಸ್ ರೋಡಿಯೊ, ಅಂದರೆ ಕೌಬಾಯ್‌ಗಳ ಕುದುರೆ-ಗೂಳಿ ಸವಾರಿ ಸ್ಪರ್ಧೆ. ಆಗ ಎಲ್ಲಿ ನೋಡಿದರೂ ಅಗಲ ಅಂಚಿನ ಟೋಪಿ, ಬೂಟು. ನೋಡಲು ಮಜಾ, ಆದರೆ ರೂಮಿನ ಬೆಲೆ ಮಜವಾಗಿರುವುದಿಲ್ಲ.

ರಜೆಗಳನ್ನೂ ಗುರುತು ಹಾಕಿ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ, ಜುಲೈ 4, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ, ಇವುಗಳ ವಾರಾಂತ್ಯಕ್ಕೆ ಕ್ಯಾಲಿಫೋರ್ನಿಯಾದ ಅರ್ಧ ಜನ ಇಲ್ಲೇ ಇರುತ್ತಾರೇನೋ ಅನಿಸುತ್ತದೆ. ಫೆಬ್ರವರಿಯ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಫೈನಲ್, ಬೇರೆ ಊರಿನಲ್ಲಿ ನಡೆದರೂ ಬಾಜಿ ಕಟ್ಟಲು ಜನ ಇಲ್ಲಿಗೆ ಬರುತ್ತಾರೆ. ಮಾರ್ಚ್‌ನ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳದ್ದೂ ಅದೇ ಕತೆ, ಜೊತೆಗೆ ವಿದ್ಯಾರ್ಥಿಗಳ ವಸಂತ ರಜೆ. ಚೀನೀ ಹೊಸ ವರ್ಷಕ್ಕೂ ಊರು ತುಂಬುತ್ತದೆ, ಆದರೆ ಅದೊಂದಕ್ಕೆ ನಾನು ಕಾಟು ಹಾಕುವುದಿಲ್ಲ. ಬೆಲಾಜಿಯೊ ಒಳಗಿನ ಹೂವಿನ ಅಂಗಳವನ್ನು ಋತುವಿಗೆ ತಕ್ಕ ಹಾಗೆ ವರ್ಷಕ್ಕೆ ಐದು ಸಲ ಬದಲಿಸುತ್ತಾರೆ. ಚೀನೀ ಹೊಸ ವರ್ಷದ್ದು ಅದರಲ್ಲಿ ತುಂಬ ಚೆಂದ, ನೋಡಲು ದುಡ್ಡೂ ಇಲ್ಲ. ವಾರದ ಮಧ್ಯೆ ಹೋಗಿ ನೋಡಿ ಬರಬಹುದು.

ಎಲ್ಲಕ್ಕಿಂತ ಎಚ್ಚರವಾಗಿ ನೋಡಬೇಕಾದ್ದು ಫಾರ್ಮುಲಾ ಒನ್. 2023ರಿಂದ ನವೆಂಬರ್‌ನಲ್ಲಿ, ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಸ್ವಲ್ಪ ಮುಂಚೆ, ರಾತ್ರಿ ಹೊತ್ತು ಸ್ಟ್ರಿಪ್ ಮೇಲೇ ರೇಸು ನಡೆಯುತ್ತಿದೆ. ಓಟದ ದಾರಿ ಆರು ಕಿಲೋಮೀಟರಿಗೂ ಹೆಚ್ಚು. ರೇಸಿನ ಮೂರು ದಿನ ತಪ್ಪಿಸಿದರೆ ಸಾಕು ಅಂದುಕೊಳ್ಳಬೇಡಿ. ಅದಕ್ಕೆ ಎಷ್ಟೋ ವಾರ ಮುಂಚೆಯೇ ತಡೆಗೋಡೆ, ದೀಪದ ಕಂಬ, ಕೂರುವ ಅಟ್ಟಣೆ ಏಳುತ್ತವೆ. ಮೊದಲ ವರ್ಷ ಬೆಲಾಜಿಯೊ ಕಾರಂಜಿಯ ಮುಂದೆಯೇ ಅಟ್ಟಣೆ ಎದ್ದು ಬೀದಿಯಿಂದ ನೋಡುವವರಿಗೆ ಅಡ್ಡವಾಗಿತ್ತು. ಪಾದಚಾರಿ ಸೇತುವೆಗಳ ಗಾಜಿಗೂ ಪರದೆಯಂಥ ಹಾಳೆ ಅಂಟಿಸಿದ್ದರು, ಯಾರೂ ನಿಂತು ಪುಕ್ಕಟೆ ರೇಸು ನೋಡಬಾರದು ಅಂತ! ರೇಸಿನ ಹುಚ್ಚಿಲ್ಲದವರು ನವೆಂಬರ್‌ಗೆ ರೂಮು ಹಿಡಿಯುವ ಮುಂಚೆ ಆ ವರ್ಷದ ರೇಸಿನ ತಾರೀಖು ನೋಡಲೇಬೇಕು.

ಕ್ಯಾಲೆಂಡರಿನ ಒಂದು ತುಂಡು ಹಿಡಿದು ಮಾಡಿ ನೋಡೋಣ. ಅಪ್ಪ-ಅಮ್ಮ ದಸರಾ ಮುಗಿಸಿ ಬರುತ್ತಾರೆ, ಸಂಕ್ರಾಂತಿಗೆ ಮುಂಚೆ ವಾಪಸ್ಸು ಅಂತ ಇಟ್ಟುಕೊಳ್ಳಿ. ಅಕ್ಟೋಬರ್ ಹವಾಮಾನ ಚೆನ್ನ, ಆದರೆ ಸಮಾವೇಶಗಳ ಸುಗ್ಗಿ. ಕ್ಯಾಲೆಂಡರಿನಲ್ಲಿ ಖಾಲಿ ಕಂಡ ವಾರದ ನಡುದಿನಗಳಿದ್ದರೆ ಅಷ್ಟು ಹಿಡಿಯಬಹುದು. ತಿಂಗಳ ಕೊನೆಯ ಶುಕ್ರವಾರ ನೆವಾಡ ರಾಜ್ಯದ ರಜೆ, ಹಿಂದೆಯೇ ಹ್ಯಾಲೋವೀನ್, ಹಾಗಾಗಿ ಆ ವಾರಾಂತ್ಯಕ್ಕೆ ಕಾಟು. ನವೆಂಬರ್ ಮೊದಲ ವಾರ ಸೆಮಾ, ಕಾಟು. ಎರಡನೇ ವಾರ ಪರವಾಗಿಲ್ಲ, ಆದರೆ ಬೀದಿ ತುಂಬ ರೇಸಿನ ತಯಾರಿ ಇರುತ್ತದೆ. ಮೂರನೇ ವಾರದ ಆಸುಪಾಸು ರೇಸು, ದೊಡ್ಡ ಕಾಟು. ಥ್ಯಾಂಕ್ಸ್‌ಗಿವಿಂಗ್ ವಾರದ ಸೋಮವಾರದಿಂದ ಬುಧವಾರ ಸಾಮಾನ್ಯವಾಗಿ ಸಲೀಸು, ಗುರುವಾರದಿಂದ ಮತ್ತೆ ರಶ್ಶು. ಡಿಸೆಂಬರ್ ಶುರುವಿನಲ್ಲಿ ರೋಡಿಯೊ. ಅದು ಮುಗಿದ ಮೇಲೆ ಕ್ರಿಸ್‌ಮಸ್‌ಗೆ ಮುಂಚಿನ ಒಂದು ವಾರ ಇದೆ ನೋಡಿ, ಅದು ವರ್ಷದಲ್ಲೇ ಅತಿ ಸೋವಿ ದಿನಗಳಲ್ಲಿ ಒಂದು. ಹೋಟೆಲ್‌ಗಳಲ್ಲಿ ಕ್ರಿಸ್‌ಮಸ್ ಅಲಂಕಾರ ಆಗಲೇ ಮುಗಿದಿರುತ್ತದೆ, ಜನ ಇನ್ನೂ ಬಂದಿರುವುದಿಲ್ಲ. ಡಿಸೆಂಬರ್ 25 ದಾಟಿದರೆ ಹೊಸ ವರ್ಷದ ಬೆಲೆ ಶುರು. 31ರ ರಾತ್ರಿ ಸ್ಟ್ರಿಪ್‌ಗೆ ವಾಹನ ಬಿಡುವುದಿಲ್ಲ, ಹೋಟೆಲ್‌ಗಳ ಚಾವಣಿಯಿಂದ ಪಟಾಕಿ ಹಾರಿಸುತ್ತಾರೆ. ಹುಡುಗರಿಗೆ ಸರಿ, ಮಂಡಿನೋವಿನವರಿಗೆ ಆ ಗುಂಪು ಬೇಡ.

ಹೀಗೆ ಮೂರು ತಿಂಗಳಲ್ಲಿ ಮುಖ್ಯವಾಗಿ ಉಳಿದದ್ದು ಅಕ್ಟೋಬರ್‌ನ ಕೆಲವು ನಡುವಾರಗಳು, ಥ್ಯಾಂಕ್ಸ್‌ಗಿವಿಂಗ್ ವಾರದ ಮೊದಲ ಮೂರು ದಿನ ಮತ್ತು ಡಿಸೆಂಬರ್ ಮಧ್ಯದ ಒಂದು ವಾರ. ಇದೇ ರೀತಿ ಮಾಡಿದರೆ ವರ್ಷದ ಮೊದಲ ಭಾಗದಲ್ಲಿ ಜನವರಿ ಕೊನೆ, ಫೆಬ್ರವರಿಯ ನಡುವಾರಗಳು, ಏಪ್ರಿಲ್‌ನಲ್ಲಿ ಎನ್‌ಎಬಿ ಇಲ್ಲದ ವಾರಗಳು ಸಿಗುತ್ತವೆ.

ಹೆಜ್ಜೆ 4: ಭಾನುವಾರ ಹೋಗಿ, ಗುರುವಾರದೊಳಗೆ ಹೊರಡಿ

ತಿಂಗಳು ಯಾವುದೇ ಇರಲಿ, ಶುಕ್ರವಾರ-ಶನಿವಾರ ರಾತ್ರಿ ತಪ್ಪಿಸಿದರೆ ಅರ್ಧ ಕೆಲಸ ಮುಗಿಯಿತು. ಮಂಗಳವಾರದ ರೂಮು ಶನಿವಾರ ಎರಡು-ಮೂರು ಪಟ್ಟು ಆಗುವುದು ಮಾಮೂಲು.

ಕಾರಿನಲ್ಲಿ ಹೋಗುವವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಶುಕ್ರವಾರ ಮಧ್ಯಾಹ್ನ ಲಾಸ್ ಏಂಜಲಿಸ್ ಕಡೆಯಿಂದ ಐ-15 ಹೆದ್ದಾರಿ ಪೂರ್ತಿ ವೇಗಸ್ ಕಡೆ ಹರಿಯುತ್ತದೆ, ಭಾನುವಾರ ಅಷ್ಟೂ ಕಾರು ವಾಪಸ್ಸು. ರಾಜ್ಯದ ಗಡಿಯ ಪ್ರಿಮ್ ಹತ್ತಿರ ಬಂಪರಿಗೆ ಬಂಪರು ಅಂಟಿಕೊಂಡು ನಿಲ್ಲುವುದು ಭಾನುವಾರದ ಖಾಯಂ ದೃಶ್ಯ. ನಾಲ್ಕು ಗಂಟೆಯ ದಾರಿ ಏಳೆಂಟು ಗಂಟೆ ಆಗಬಹುದು. ನೀವು ಭಾನುವಾರ ಬೆಳಿಗ್ಗೆ ಅವರ ಎದುರು ದಿಕ್ಕಿನಲ್ಲಿ ಹೋಗುತ್ತಿದ್ದರೆ ರಸ್ತೆ ನಿಮ್ಮದೇ.

ಹೆಜ್ಜೆ 5: ಪೂರ್ತಿ ಬೆಲೆ ಇಟ್ಟುಕೊಂಡು ವಾರಗಳನ್ನು ಹೋಲಿಸಿ

ರೂಮಿನ ಬಾಡಿಗೆ ಮೇಲೆ ರೆಸಾರ್ಟ್ ಫೀ ಅಂತ ಒಂದು ಕಡ್ಡಾಯ ಶುಲ್ಕ ಇದೆ. ಸ್ಟ್ರಿಪ್‌ನ ದೊಡ್ಡ ಹೋಟೆಲ್‌ಗಳಲ್ಲಿ ರಾತ್ರಿಗೆ 40–50 ಡಾಲರ್ ಸಾಮಾನ್ಯ. ಅದರ ಮೇಲೆ ಸುಮಾರು 13 ಶೇಕಡಾ ತೆರಿಗೆ, ಬಹಳ ಕಡೆ ಪಾರ್ಕಿಂಗ್ ಬೇರೆ. ಈ ಫೀ ಸೋವಿ ವಾರದಲ್ಲಿ ಕಡಿಮೆ ಆಗುವುದಿಲ್ಲ. 30 ಡಾಲರ್ ರೂಮು ಅಂತ ಹಿಗ್ಗಿದರೆ ಬಿಲ್ಲು 90ರ ಹತ್ತಿರ ಬಂದಿರುತ್ತದೆ. 2025ರ ಮೇ ತಿಂಗಳಿಂದ ಅಮೆರಿಕದ ನಿಯಮದ ಪ್ರಕಾರ ಹೋಟೆಲ್‌ಗಳು ಕಡ್ಡಾಯ ಶುಲ್ಕ ಸೇರಿಸಿಯೇ ಬೆಲೆ ತೋರಿಸಬೇಕು, ಇದರಿಂದ ಹೋಲಿಕೆ ಸುಲಭವಾಗಿದೆ. ಆದರೂ ತೆರಿಗೆ, ಪಾರ್ಕಿಂಗ್ ನೀವೇ ಕೂಡಿಸಿ.

ಅಪ್ಪ-ಅಮ್ಮನಿಗೆ ಬೆಳಿಗ್ಗೆ ಕಾಫಿ ಬೇಕೇ ಬೇಕು ಅಂದರೆ ಇದನ್ನೂ ನೋಡಿ: ಇಲ್ಲಿನ ಎಷ್ಟೋ ರೂಮುಗಳಲ್ಲಿ ಕಾಫಿ ಯಂತ್ರ, ಮೈಕ್ರೊವೇವ್ ಎರಡೂ ಇರುವುದಿಲ್ಲ. ಫ್ರಿಜ್ ಇದ್ದರೂ ಅದರೊಳಗಿನ ಬಾಟಲಿ ಸರಿಸಿ ಮೊಸರಿನ ಡಬ್ಬಿ ಇಟ್ಟರೆ ಸೆನ್ಸರ್ ಬಿಲ್ಲಿಗೆ ದುಡ್ಡು ಸೇರಿಸಿಬಿಡುತ್ತದೆ. ಕಾಫಿಪುಡಿ, ಅವಲಕ್ಕಿ, ಪುಟ್ಟ ಕೆಟಲ್ ಜೊತೆಗಿರಲಿ. ಸೋವಿ ವಾರದಲ್ಲಿ ಉಳಿದ ದುಡ್ಡಿಗೆ ಅಡುಗೆಮನೆ ಇರುವ ಸೂಟ್ ಸಿಕ್ಕರೆ ಇನ್ನೂ ಒಳ್ಳೆಯದು.

ಹೆಜ್ಜೆ 6: ಶೋ ಮತ್ತು ಕತ್ತಲು

ವೇಗಸ್ ಅಂದರೆ ದೀಪ. ದೀಪಕ್ಕೆ ಕತ್ತಲು ಬೇಕು. ಇದನ್ನು ಲೆಕ್ಕಕ್ಕೆ ಇಡುವವರು ಕಡಿಮೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 8ಕ್ಕೆ, ಪೂರ್ತಿ ಕತ್ತಲಾಗುವಾಗ 9 ಹತ್ತಿರ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಮುಳುಗುತ್ತಾನೆ. ಎಂಟಕ್ಕೆ ಊಟ, ಹತ್ತಕ್ಕೆ ನಿದ್ದೆ ಅನ್ನುವ ನಮ್ಮ ಹಿರಿಯರಿಗೆ ಇದು ದೊಡ್ಡ ವರ. ಐದೂವರೆಗೆ ಕಾರಂಜಿ, ಆಮೇಲೆ ಹೂವಿನ ಅಂಗಳ, ಏಳಕ್ಕೆ ಹಳೇ ಪೇಟೆಯ ಫ್ರೀಮಾಂಟ್ ಬೀದಿಯ ಚಾವಣಿಯಲ್ಲಿ ಬೆಳಕಿನ ಆಟ. ಎಲ್ಲವೂ ಪುಕ್ಕಟೆ, ಎಲ್ಲವೂ ಮಲಗುವ ಹೊತ್ತಿಗೆ ಮುಂಚೆ. 2023ರ ಸೆಪ್ಟೆಂಬರ್‌ನಲ್ಲಿ ತೆರೆದ ಸ್ಫಿಯರ್ ಅನ್ನುವ ಗೋಳಾಕಾರದ ರಂಗಮಂದಿರದ ದೀಪದ ಹೊರಮೈ ಕೂಡ ಕತ್ತಲಾದ ಮೇಲೇ ಚೆಂದ.

ಟಿಕೆಟ್ ಶೋಗಳಿಗೆ ವಾರಕ್ಕೆ ಸಾಮಾನ್ಯವಾಗಿ ಎರಡು ರಜಾದಿನ ಇರುತ್ತವೆ, ಒಂದೊಂದಕ್ಕೆ ಒಂದೊಂದು ದಿನ. ಸರ್ಕ್ ಡು ಸೊಲೆ ಅನ್ನುವ ಸರ್ಕಸ್ ಕಂಪನಿಯ ಶೋಗಳು ಇದಲ್ಲದೆ ವರ್ಷದಲ್ಲಿ ಕೆಲವು ಸಲ ಒಂದೆರಡು ವಾರ ಪೂರ್ತಿ ಬಂದ್ ಆಗುತ್ತವೆ. ಜನ ಕಡಿಮೆ ಇರುವ ವಾರಗಳನ್ನೇ ಅದಕ್ಕೆ ಆರಿಸುವುದುಂಟು, ಅಂದರೆ ನೀವು ಆರಿಸಿದ ಸೋವಿ ವಾರವೇ ಆಗಿರಬಹುದು. ಹಾಗಾಗಿ ಒಂದು ಶೋ ನೋಡಲೇಬೇಕು ಅಂತಿದ್ದರೆ ಮೊದಲು ಅದರ ಕ್ಯಾಲೆಂಡರ್, ಆಮೇಲೆ ರೂಮು.

ಹೆಜ್ಜೆ 7: ಸುತ್ತಮುತ್ತ ಹೋಗುವುದಿದ್ದರೆ

ರೆಡ್ ರಾಕ್ ಕ್ಯಾನ್ಯನ್ ಊರಿಗೆ ಅಂಟಿಕೊಂಡೇ ಇದೆ. 13 ಮೈಲಿಯ ಸುತ್ತುದಾರಿ, ಕಾರಿನಲ್ಲೇ ಕೂತು ನೋಡಬಹುದು. ಅಕ್ಟೋಬರ್‌ನಿಂದ ಮೇ ತನಕ ಹಗಲು ಹೊತ್ತು ಒಳಗೆ ಹೋಗಲು ಸಮಯ ಕಾದಿರಿಸಿರಬೇಕು. ಕೆಂಪು ಬಂಡೆಗಳ ವ್ಯಾಲಿ ಆಫ್ ಫೈರ್ ಉದ್ಯಾನದಲ್ಲಿ ಬೇಸಿಗೆ ಬಂದರೆ ಕೆಲವು ಕಾಲುದಾರಿ ಮುಚ್ಚಿಬಿಡುತ್ತಾರೆ. ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್, ಅಂದರೆ ದಕ್ಷಿಣದ ಅಂಚು, 7,000 ಅಡಿ ಎತ್ತರದಲ್ಲಿದೆ, ಕಾರಿನಲ್ಲಿ ನಾಲ್ಕೂವರೆ ಗಂಟೆ. ವೇಗಸ್‌ನಲ್ಲಿ ಸ್ವೆಟರ್ ಸಾಕಾಗುವ ಜನವರಿಯಲ್ಲಿ ಅಲ್ಲಿ ಹಿಮ ಬಿದ್ದಿರುತ್ತದೆ. ಕ್ಯಾನ್ಯನ್ ಮುಖ್ಯ ಅನ್ನುವವರಿಗೆ ಡಿಸೆಂಬರ್‌ಗಿಂತ ಅಕ್ಟೋಬರ್ ಅಥವಾ ಏಪ್ರಿಲ್ ವಾಸಿ. ಗಾಜಿನ ಸೇತುವೆ ಇರುವ ವೆಸ್ಟ್ ರಿಮ್ ಹತ್ತಿರ, ಎರಡೂಕಾಲು ಗಂಟೆ. ಡೆತ್ ವ್ಯಾಲಿಗೆ ಬೇಸಿಗೆಯಲ್ಲಿ ಹೋಗಬೇಡಿ, ಅಷ್ಟೇ.

ಹೆಜ್ಜೆ 8: ಬೇಸಿಗೆ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂದರೆ

ಬಹಳ ಜನರ ಸ್ಥಿತಿ ಇದೇ. ಹಾಗಾದರೆ ಜುಲೈ-ಆಗಸ್ಟ್ ನಡುವಾರದ ಸೋವಿ ಬೆಲೆಯನ್ನು ಬಳಸಿಕೊಳ್ಳಿ, ಉಳಿದ ದುಡ್ಡನ್ನು ಹೋಟೆಲಿನ ಜಾಗದ ಮೇಲೆ ಹಾಕಿ. ಸ್ಟ್ರಿಪ್‌ನ ನಟ್ಟನಡುವೆ, ಬೆಲಾಜಿಯೊ ಆಸುಪಾಸು ಇಳಿದರೆ ಬಹಳಷ್ಟನ್ನು ಎಸಿ ಬಿಟ್ಟು ಹೊರಗೆ ಬರದೆ ನೋಡಬಹುದು. ಬೆಲಾಜಿಯೊದಿಂದ ಆರಿಯಾ ಹೋಟೆಲ್ ದಾಟಿ ಪಾರ್ಕ್ ಎಂಜಿಎಂ ಹೋಟೆಲ್ ತನಕ ಪುಕ್ಕಟೆ ಟ್ರಾಮ್ ಇದೆ. ದಕ್ಷಿಣದಲ್ಲಿ ಮ್ಯಾಂಡಲೆ ಬೇಯಿಂದ ಎಕ್ಸ್‌ಕ್ಯಾಲಿಬರ್‌ಗೂ ಒಂದಿದೆ.

ದಿನವನ್ನು ತಿರುಗಿಸಿಬಿಡಿ. ಬೆಳಿಗ್ಗೆ ಒಂಬತ್ತರೊಳಗೆ ಹೊರಗಿನ ಸುತ್ತಾಟ, ಹನ್ನೊಂದರಿಂದ ಆರರ ತನಕ ಒಳಗೆ, ಮಧ್ಯಾಹ್ನದ ನಿದ್ದೆ ಕಡ್ಡಾಯ. ಕತ್ತಲಾದ ಮೇಲೆ ಕಾರಂಜಿ. ಒಂದು ದಿನ ಪೂರ್ತಿ ಮೌಂಟ್ ಚಾರ್ಲ್‌ಸ್ಟನ್‌ಗೆ ಹೋಗಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ದಾರಿ, ಪೈನ್ ಮರಗಳ ಬೆಟ್ಟ, ಊರಿಗಿಂತ ಹತ್ತು ಡಿಗ್ರಿಗೂ ಹೆಚ್ಚು ತಂಪು. ನಿಲ್ಲಿಸಿದ ಕಾರಿನಲ್ಲಿ ಮಾತ್ರೆ, ಫೋನು, ಮಕ್ಕಳು ಯಾವುದನ್ನೂ ಐದು ನಿಮಿಷಕ್ಕೂ ಬಿಡಬೇಡಿ. ದಾರಿಗೆ ಒಬ್ಬೊಬ್ಬರಿಗೆ ಕನಿಷ್ಠ ಮೂರು-ನಾಲ್ಕು ಲೀಟರ್ ನೀರು ಇರಲಿ. ಮರುಭೂಮಿಯ ನಡುವೆ ಕಾರು ಕೈಕೊಟ್ಟರೆ ಆಗ ಗೊತ್ತಾಗುತ್ತದೆ ಅದು ಯಾಕೆ ಅಂತ.

ಹೆಜ್ಜೆ 9: ಕಾದಿರಿಸುವ ಕ್ರಮ

ವಾರ ಗೊತ್ತಾದ ಮೇಲೆ ಮೊದಲು ರದ್ದು ಮಾಡಬಹುದಾದ ರೂಮು ಹಿಡಿಯಿರಿ. ಪೂರ್ತಿ ಮುಂಗಡ ಕಟ್ಟುವ ಅಗ್ಗದ ಆಯ್ಕೆ ಬೇಡ. ಆಮೇಲೆ ಶೋ ಟಿಕೆಟ್, ಆಮೇಲೆ ವಿಮಾನ ಅಥವಾ ಬಾಡಿಗೆ ಕಾರು. ಭಾರತದಿಂದ ವೇಗಸ್‌ಗೆ ನೇರ ವಿಮಾನ ಇಲ್ಲ, ಸ್ಯಾನ್ ಫ್ರಾನ್ಸಿಸ್ಕೊ ಅಥವಾ ಇನ್ನೊಂದು ಊರಿನಲ್ಲಿ ಬದಲಿಸಬೇಕು. ಅಪ್ಪ-ಅಮ್ಮ ಬಂದಿಳಿದ ವಾರವೇ ಇದನ್ನು ಇಡಬೇಡಿ, ನಿದ್ದೆ ಸರಿಹೋಗಲು ಬಿಡಿ.

ಹೊರಡುವ ಎರಡು ವಾರ ಮುಂಚೆ ಅದೇ ರೂಮಿನ ಬೆಲೆ ಮತ್ತೆ ನೋಡಿ. ಇಳಿದಿದ್ದರೆ ಹೊಸದಾಗಿ ಕಾದಿರಿಸಿ, ಅದು ಖಾತ್ರಿಯಾದ ಮೇಲೆ ಹಳೆಯದನ್ನು ರದ್ದು ಮಾಡಿ. ರದ್ದು ಮಾಡುವ ಗಡುವು ಸಾಮಾನ್ಯವಾಗಿ ಎರಡು-ಮೂರು ದಿನ ಮುಂಚಿನ ತನಕ ಇರುತ್ತದೆ. ಆ ತಾರೀಖನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.